ತಹಶೀಲ್ದಾರರ ಓವನ್ನಿಗೆ ಬೆಣ್ಣೆ ಪರೀಕ್ಷೆ

ದಾವಣಗೆರೆಯಲ್ಲಿ ಒಬ್ಬ ವೈರ್‌ಮನ್ ಇದ್ದ. ಒಂದು ದಿನ ನಿವೃತ್ತ ತಹಶೀಲ್ದಾರ್ ಚನ್ನವೀರಪ್ಪನವರು ಅವನನ್ನು ಮನೆಗೆ ಕರೆಸಿದರು. ಹೊಸದಾಗಿ ತಂದ ದೊಡ್ಡ ಎಲೆಕ್ಟ್ರಿಕ್ ಓವನ್ನನ್ನು ಅವರು ಮಿಕ್ಸಿಯ ಪ್ಲಗ್ಗಿಗೇ ಸಿಕ್ಕಿಸಿದ್ದರು. ಹಚ್ಚಿದ ಹತ್ತು ನಿಮಿಷಕ್ಕೆಲ್ಲ ಎಂಸಿಬಿ ಸ್ವಿಚ್ಚು ತಾನಾಗಿ ಬಿದ್ದು ಕರೆಂಟ್ ಹೋಗುತ್ತಿತ್ತು.

"ಇದಕ್ಕೆ ದಪ್ಪ ವೈರಿನ ಬೇರೆ ಲೈನೇ ಬೇಕು ಸಾಹೇಬ್ರೇ," ಎಂದ ವೈರ್‌ಮನ್.

"ಈಗಷ್ಟೇ ಬಣ್ಣ ಹೊಡೆಸಿದ ಗೋಡೆ ಇದು. ಒಂದು ಮೊಳೆಯೂ ತಾಗಕೂಡದು! ಬೀಳದ ಹಾಗೆ ದೊಡ್ಡ ಎಂಸಿಬಿ ಹಾಕು. ಇದು ನನ್ನ ಆರ್ಡರ್."

"ಹಾಕೋಣ. ಅದಕ್ಕೆ ಮೊದಲು ಒಂದು ಉಂಡೆ ಬೆಣ್ಣೆ ಬೇಕಿತ್ತು."

"ಬೆಣ್ಣೆ ಯಾಕೋ?" ತಹಶೀಲ್ದಾರರಿಗೆ ಕುತೂಹಲ ತಡೆಯಲಾಗಲಿಲ್ಲ.

ಅವರ ಹೆಂಡತಿ ಗೌರಮ್ಮ ಬೆಣ್ಣೆ ತಂದರು. ವೈರ್‌ಮನ್ ಮೇನ್ ಆಫ್ ಮಾಡಿ, ಗೋಡೆಯ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಒಳಗಿನ ತೆಳು ವೈರಿನ ಮೇಲೆ ಬೆಣ್ಣೆ ಮೆತ್ತಿದ. ಆಮೇಲೆ ಮೇನ್ ಆನ್ ಮಾಡಿ ಓವನ್ ಹಚ್ಚಿದ. ಮೂವರೂ ಗೋಡೆಯನ್ನೇ ನೋಡುತ್ತಾ ನಿಂತರು. ಐದು ನಿಮಿಷಕ್ಕೆ ಬೆಣ್ಣೆ ಮೆತ್ತಗಾಯಿತು. ಎಂಟು ನಿಮಿಷಕ್ಕೆ ಕರಗಿ ಹೊಸ ಬಣ್ಣದ ಮೇಲೆ ಇಳಿಯಿತು. ಅಷ್ಟರಲ್ಲಿ ಎಂಸಿಬಿ ಬಿತ್ತು.

"ಅಯ್ಯೋ, ನನ್ನ ಗೋಡೆ!" ಎಂದರು ತಹಶೀಲ್ದಾರರು.

"ಎಂಸಿಬಿ ಬಿದ್ದಿದ್ದಕ್ಕೆ ಗೋಡೆ ಉಳೀತು. ಬೀಳದಿದ್ರೆ ಈ ತೆಳು ವೈರ್ ಇನ್ನೂ ಕಾಯುತ್ತೆ; ಕೇಕು ಓವನ್ನಲ್ಲಿ ಬೇಯುತ್ತೆ, ಗೋಡೆ ಇಲ್ಲಿ ಬೇಯುತ್ತೆ."

ತಹಶೀಲ್ದಾರರು ಗಂಟಲು ಸರಿಮಾಡಿಕೊಂಡರು. "ದಪ್ಪ ವೈರ್ ಎಳಿ. ಇದು ನನ್ನ ಆರ್ಡರ್."

ಮರುದಿನ ಬೆಳಗ್ಗೆ ಅವರು ಬೆಣ್ಣೆ ಡಬ್ಬಿ ಹಿಡಿದು, ವೈರ್‌ಮನ್ನನ್ನೂ ಕರೆದುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದರು.

"ನಿಮ್ಮ ಗೀಸರ್ ಹಚ್ಚಿ. ತಪಾಸಣೆ ಇದೆ."