ಕರಣೆಯ ಪುರುಸೊತ್ತು

ಹುಲಿಗೆಪ್ಪ ಮೇಸ್ತ್ರಿಯ ಗಾರೆ ಮೆತ್ತುವ ಕರಣೆಗೆ ದೇವರೆಂದರೆ ಬಲು ಭಕ್ತಿ. ಬೆಳಗ್ಗೆ ಮೇಸ್ತ್ರಿ ಹತಾರಗಳಿಗೆ ಕುಂಕುಮವಿಟ್ಟು ಕೈಮುಗಿಯುವಾಗ ಅದೂ ಮನಸಾರೆ ಶಿವನನ್ನು ನೆನೆಯುತ್ತಿತ್ತು. ಕೆಲಸ ಶುರುವಾಯಿತೋ, ಗಾರೆ ಇಟ್ಟಿಗೆ ಬಿಟ್ಟು ಬೇರೆ ಧ್ಯಾನವಿಲ್ಲ. ಸಂಜೆ ಮಾತ್ರ, "ಇವತ್ತೂ ದಿನವಿಡೀ ಶಿವನನ್ನು ಮರೆತೆನಲ್ಲ, ಪುರುಸೊತ್ತೇ ಸಿಗಲಿಲ್ಲ" ಎಂದು ಕೊರಗುತ್ತಿತ್ತು.

ಗೋಡೆಯ ಪ್ರತಿ ಎರಡು ಸಾಲಿಗೊಮ್ಮೆ ಮೇಸ್ತ್ರಿ ಕರಣೆಯನ್ನು ಪಕ್ಕಕ್ಕಿಟ್ಟು, ದಾರ ಕಟ್ಟಿದ ತೂಗುಗುಂಡನ್ನು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುತ್ತಿದ್ದ. ಒಂದು ದಿನ ಕರಣೆ ಸಿಡುಕಿತು.

"ಗುಂಡಣ್ಣ, ಬೆಳಗ್ಗೆಯೇ ನಿನ್ನನ್ನು ನೋಡಿದ್ದಾಯಿತು. ಪದೇ ಪದೇ ಬಂದು ನನ್ನ ಕೆಲಸ ಯಾಕೆ ನಿಲ್ಲಿಸುತ್ತೀಯ?"

"ಆಗಲಿ ತಂಗಿ, ನಾನು ಬರುವುದಿಲ್ಲ" ಎಂದು ಗುಂಡು ಉರುಳಿ ಹೋಗಿ ಮರಳಿನಲ್ಲಿ ಹೂತುಕೊಂಡಿತು.

ಮೇಸ್ತ್ರಿ ಹುಡುಕಿದ, ಸಿಗಲಿಲ್ಲ. ಕಣ್ಣಂದಾಜಿನಲ್ಲೇ ಕಟ್ಟುತ್ತಾ ಹೋದ. ಊಟದ ಹೊತ್ತಿಗೆ ಗುಂಡು ಸಿಕ್ಕಿತು. ಇಳಿಬಿಟ್ಟು ನೋಡಿದರೆ ಗೋಡೆ ಹೆಬ್ಬೆರಳಿನಷ್ಟು ವಾಲಿತ್ತು. ಮೇಸ್ತ್ರಿ ಆರು ಸಾಲು ಕಿತ್ತ. ಒಂದೊಂದು ಇಟ್ಟಿಗೆಗೂ ಅಂಟಿದ್ದ ಗಾರೆಯನ್ನು ಕೆರೆಯುವ ಪಾಡು ಕರಣೆಯದೇ ಆಯಿತು.

"ಮೊದಲ ಸಾಲಿನಲ್ಲಿ ಕೂದಲೆಳೆಯಷ್ಟೇ ತಪ್ಪಿತ್ತು ಅಣ್ಣ" ಎಂದಿತು ಕರಣೆ.

"ಆಗಲೇ ನೋಡಿದ್ದರೆ ನಿನ್ನ ಹಿಡಿಯಿಂದ ಮೆಲ್ಲಗೆ ತಟ್ಟಿದ್ದರೂ ಸಾಕಿತ್ತು. ನಾನು ಕೇಳುವುದು ಒಂದು ಗಳಿಗೆ, ಅಷ್ಟೇ."

ಮರುದಿನ ಎರಡು ಸಾಲು ಮುಗಿದವು. ಮೇಸ್ತ್ರಿ ಕರಣೆಯನ್ನು ಪಕ್ಕಕ್ಕಿಟ್ಟು ಗುಂಡನ್ನು ಇಳಿಬಿಟ್ಟ. ಗುಂಡು ತೂಗಾಡಿ ನಿಲ್ಲುವಷ್ಟರಲ್ಲಿ, ಮೈಯೆಲ್ಲ ಗಾರೆ ಮೆತ್ತಿಕೊಂಡಿದ್ದ ಕರಣೆ "ಶಿವನೇ" ಎಂದಿತು. ಮತ್ತೆರಡು ಸಾಲಿಗೆ ಮತ್ತೊಮ್ಮೆ. ಸಂಜೆ ತೊಳೆಸಿಕೊಂಡು ಚೀಲ ಸೇರಿದ ಕರಣೆ, ಕೊರಗಲು ಏನೂ ಉಳಿಯದೆ, ಮಲಗಿದ ಕೂಡಲೇ ನಿದ್ದೆಹೋಯಿತು.