ಎಮ್ಮೆಯ ಗೊರಸು ಎರಡಾದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಹಸಿ ಎಂದರೆ ಒದ್ದೆ ಅಂತಲ್ಲ ಮಕ್ಕಳೇ, ಹೊಚ್ಚ ಹೊಸದು ಅಂತ. ಆಗ ಬೆಟ್ಟವಿತ್ತು, ಬಂಡೆಯಿತ್ತು, ಬಂಡೆಯ ಬಿರುಕಿನಲ್ಲಿ ಅಷ್ಟಿಷ್ಟು ಹುಲ್ಲಿತ್ತು. ಮಣ್ಣು ಮಾತ್ರ ಇರಲಿಲ್ಲ.

ಅದಕ್ಕೇ ಗಾಳಿರಾಯ ಒಂದು ಗಾಣ ಹೂಡಿದ. ಎಣ್ಣೆಯ ಗಾಣವಲ್ಲ, ಕಲ್ಲು ಅರೆಯುವ ಗಾಣ. ನೆಲದಲ್ಲಿ ಬಳೆಯಂತೆ ದುಂಡಗಿನ ಕಾಲುವೆ. ಅದರೊಳಗೆ ಉರುಳುವ ದೊಡ್ಡ ಕಲ್ಲಿನ ಗಾಲಿ. ಗಾಲಿ ಉರುಳಿದರೆ ಬಂಡೆಚೂರು ಪುಡಿಯಾಗಿ ಮಣ್ಣಾಗುತ್ತಿತ್ತು.

ಎಳೆಯುವವರು ಯಾರು? ಎಮ್ಮೆ, ಎತ್ತು, ಮೇಕೆ, ಜಿಂಕೆ. ಒಬ್ಬರು ಎಳೆಯುವಾಗ ಉಳಿದವರು ಬಂಡೆ ಹೊರಬೇಕು. ಕುದುರೆ ಎಳೆಯುತ್ತಿರಲಿಲ್ಲ. ಅದು ಗಾಳಿರಾಯನನ್ನು ಬೆನ್ನ ಮೇಲೆ ಕೂರಿಸಿಕೊಂಡು ಸುತ್ತ ಓಡುತ್ತಿತ್ತು.

“ಗಾಣ ನಿಲ್ಲಬಾರದು! ನುಂಗಿ, ನಡೀರಿ!” ಎನ್ನುತ್ತಿದ್ದ ಗಾಳಿರಾಯ.

ಅವು ಹುಲ್ಲನ್ನು ಅಗಿಯದೆ ನುಂಗಿ ನಡೆದವು. ಆಗ ಎಲ್ಲರ ಗೊರಸೂ ಮರದ ಹಾವುಗೆಯ ಹಾಗೆ ಇಡಿಯಾಗಿತ್ತು. ಹಾವುಗೆ ಎಂದರೆ ಮರದ ಪಾದರಕ್ಷೆ.

ಎಮ್ಮೆಗೆ ಒಂದು ಕರುವಿತ್ತು. ಆದರೆ ಅಗಿಯದ ಹುಲ್ಲು ಹಾಲಾಗುವುದಿಲ್ಲ. ಕೆಚ್ಚಲು ಬತ್ತಿತು. ಕರು ಗಾಣದ ಪಕ್ಕದಲ್ಲಿ ಮಲಗಿತ್ತು, ಏಳಲು ಆಗುತ್ತಿರಲಿಲ್ಲ.

“ಅವ್ವಾ...” ಎಂದಿತು ಕರು. ಅಷ್ಟೇ ಅದರ ಶಕ್ತಿ.

“ಬುದ್ಧೀ, ಒಂದು ಗಳಿಗೆ ಕೂತ್ಕೋತೀನಿ,” ಎಂದಿತು ಎಮ್ಮೆ.

“ನಡಿ!” ಎಂದ ಗಾಳಿರಾಯ.

ಎಮ್ಮೆ ನಡೆಯಿತು. ಕರುವಿನ ಕಡೆ ನೋಡಿತು, ಗಾಲಿಯ ಕಡೆ ನೋಡಿತು. ಆಮೇಲೆ ಹಿಂಗಾಲನ್ನು ಮೆಲ್ಲಗೆ ಕಾಲುವೆಯೊಳಗೆ, ಸರಿಯಾಗಿ ಗಾಲಿಯ ಕೆಳಗೆ ಇಟ್ಟಿತು.

ಲಟಕ್! ಗಾಲಿಯ ಅಚ್ಚು ಮುರಿಯಿತು. ಆ ಪೆಟ್ಟಿಗೆ ನಾಲ್ಕೂ ಕಾಲಿನ ಗೊರಸು ನಡುವೆ ಸೀಳಿ ಎರಡಾಯಿತು. ಗಾಣ ನಿಂತಿತು.

“ಏನೇ ಮಾಡಿದೆ?” ಗಾಳಿರಾಯ ಹಾರಿ ಬಂದ.

“ಏನಾಯ್ತು ಬುದ್ಧಿ?”

“ಇದು ವಿಧ್ವಂಸಕ ಕೃತ್ಯ!”

“ಹಂಗಂದ್ರೆ?”

“ಬೇಕಂತಲೇ ಕೆಲಸ ಕೆಡಿಸೋದು!”

“ಅಷ್ಟುದ್ದದ ಮಾತು ನನ್ನ ಬಾಯಲ್ಲಿ ಹಿಡಿಯಲ್ಲ ಬುದ್ಧಿ.”

“ಕಾಲು ಬೇಕಂತ ಇಟ್ಟೆಯೋ, ತಪ್ಪಿ ಇಟ್ಟೆಯೋ?”

“ನನಗೇನು ಗೊತ್ತಾಗುತ್ತೆ? ನಾನು ಎಮ್ಮೆ.”

ಗಾಳಿರಾಯ ಅದರ ಮುಖವನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಏನೂ ತಿಳಿಯಲಿಲ್ಲ. ಎಮ್ಮೆಯ ಮುಖವೇ ಹಾಗೆ, ನೀವೂ ನೋಡಿದ್ದೀರಲ್ಲ.

ಅಚ್ಚು ಕೂರಿಸುವವರೆಗೆ ಎಲ್ಲರೂ ಕೂತರು. ಕೂತ ಮೇಲೆ, ನುಂಗಿದ್ದ ಹುಲ್ಲು ತಾನಾಗಿ ಬಾಯಿಗೆ ಬಂತು. ಎಮ್ಮೆ ಅದನ್ನು ಅಗಿಯಿತು. ನಿಧಾನವಾಗಿ ಅಗಿಯಿತು. ಕೆಚ್ಚಲಿಗೆ ಹಾಲಿಳಿಯಿತು. ಕರು ಕುಡಿಯಿತು, ಎದ್ದಿತು, ಬಿದ್ದಿತು, ಮತ್ತೆ ಎದ್ದಿತು.

ಅಚ್ಚು ಸರಿಯಾಯಿತು. ಈಗ ಎತ್ತಿನ ಸರದಿ. ಲಟಕ್! ಮತ್ತೆ ಸರಿಮಾಡಿದರು. ಮೇಕೆಯ ಸರದಿ. ಲಟಕ್! ಜಿಂಕೆಯದೂ ಲಟಕ್!

“ಕಾಲು ಜಾರಿತು ಬುದ್ಧಿ,” ಎಂದಿತು ಎತ್ತು.

“ಎಮ್ಮೆಯಕ್ಕನ್ನ ನೋಡಿ ನಡೆಯೋದು ಕಲಿತೆ, ಅದೇ ತಪ್ಪಾಯ್ತು,” ಎಂದಿತು ಮೇಕೆ.

ಗಾಳಿರಾಯನ ತಲೆ ಕೆಟ್ಟಿತು. ಒಬ್ಬರ ಕಾಲು ಜಾರಿದರೆ ಜಾರಿತು ಅನ್ನಬಹುದು. ಎಲ್ಲರದೂ ಜಾರಿದರೆ ಏನನ್ನಬೇಕು?

“ನನ್ನದು ಇಡಿಯಾಗಿದೆ, ನೋಡಿ!” ಎಂದು ಕುದುರೆ ಗೊರಸು ತೋರಿಸಿತು.

“ನೀನು ಎಳೆದಿದ್ದು ಯಾವಾಗ?” ಎಂದು ಮೇಕೆ ಕೇಳಿತು. ಕುದುರೆ ಗೊರಸು ಕೆಳಗಿಟ್ಟಿತು.

ಕೊನೆಗೆ ಗಾಳಿರಾಯ ಸೋತು ಹೇಳಿದ: “ಆಯ್ತು, ಎಳೆದವರು ಕೂತು ಅಗಿದು ಏಳಿ. ಆದರೆ ನಿಜ ಹೇಳು ಎಮ್ಮೆ, ಬೇಕಂತಲೋ, ತಪ್ಪಿಯೋ?”

ಎಮ್ಮೆ ಮೆಲುಕು ಹಾಕುತ್ತಿತ್ತು. ಬಾಯಿ ತುಂಬಿತ್ತು.

ಅದಕ್ಕೇ ಇವತ್ತಿಗೂ ಎಮ್ಮೆ, ಎತ್ತು, ಮೇಕೆ, ಜಿಂಕೆಗಳ ಗೊರಸು ಎರಡು, ಕುದುರೆಯದು ಒಂದೇ. ಎರಡು ಗೊರಸಿನ ಇವು ಕೂತು ಮೆಲುಕು ಹಾಕುತ್ತವೆ, ಕುದುರೆ ಹಾಕುವುದಿಲ್ಲ. ಮತ್ತು ಕೆರೆಯ ಬದಿಯಲ್ಲಿ ಮಲಗಿದ ಎಮ್ಮೆಯ ಹತ್ತಿರ ಗಾಳಿ ಸುಳಿದು ಅದೇ ಪ್ರಶ್ನೆ ಕೇಳಿದಾಗ, ಎಮ್ಮೆ ಒಂದು ಸಲ ಕಿವಿ ಒದರಿ ಮತ್ತೆ ಮೆಲುಕು ಹಾಕುತ್ತದೆ.