ಕಬ್ಬಿಣ ತಾಗಬಾರದ ದಿನ

"ಗುರುಗಳೇ, ಮಠದ ಹಳೆಯ ಕಡತದಲ್ಲಿ ಇವತ್ತಿನ ತಿಥಿಯ ಕೆಳಗೆ ನಾಲ್ಕು ಸಂಗತಿಗಳಿವೆ. ಮೂರು ಹೆಮ್ಮೆಯವು, ಒಂದು ನಾಚಿಕೆಯದು. ಹೊಸ ಪ್ರತಿ ಬರೆಯುವಾಗ ನಾಚಿಕೆಯದನ್ನು ಬಿಟ್ಟುಬಿಡಲೇ?" ಎಂದು ಶಿಷ್ಯ ಕೇಳಿದ.

ಗುರು ಅವನ ಕೈಯಿಂದ ಲೇಖನಿ ತೆಗೆದು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದು ಊರಿತ್ತು. ಊರಿಗೊಂದು ಕೆರೆ. ಕೆರೆಯ ಏರಿ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಮನೆಗಳು ಶುರು. ಆ ಊರಿನವರಿಗೆ ದಿನಗಳ ಹುಚ್ಚು. ಕರಿ ಹಚ್ಚಿದ ಬಟ್ಟೆಯ ಊರ ಕಡತದಲ್ಲಿ ಪ್ರತಿ ತಿಥಿಗೂ ಒಂದು ಮಡಿಕೆ, ಹಿಂದೆ ಆ ದಿನ ನಡೆದದ್ದೆಲ್ಲ ಆ ಮಡಿಕೆಯಲ್ಲಿ. ಬೆಳಿಗ್ಗೆ ಕರಣಿಕ ಚಾವಡಿಯಲ್ಲಿ ನಿಂತು ಅದನ್ನು ಓದಿದ ಮೇಲೆಯೇ ಜನ ಕೆಲಸಕ್ಕೆ ಹೋಗುವುದು. ಓದಿದ್ದು ಕೆಟ್ಟದಾದರೆ ಸಂಜೆಯವರೆಗೂ ಮುಖ ಗಂಟು.

ಆಶ್ವಯುಜ ಬಹುಳ ಪಂಚಮಿಗೆ ಸಮನಾದ ದಿನ ಮತ್ತೊಂದಿರಲಿಲ್ಲ. ಏರಿಗೆ ಮೊದಲ ಬುಟ್ಟಿ ಮಣ್ಣು ಬಿದ್ದದ್ದು ಅಂದು. ಕೆರೆ ತುಂಬಿ ಮೊದಲ ಸಲ ಕೋಡಿ ಹರಿದದ್ದೂ ಅಂದೇ. ಮುತ್ತಿಗೆ ಹಾಕಲು ಬಂದ ದಂಡು ಊರ ಹೊರಗಿನಿಂದಲೇ ಹಿಂದಿರುಗಿದ್ದೂ ಅದೇ ದಿನ. ಅದಕ್ಕೇ ಆ ದಿನ ಏರಿಗೆ ಕಬ್ಬಿಣ ತಾಗಿಸಬಾರದೆಂದು ಕಟ್ಟುಪಾಡು. ತಾಗಿಸಿದವನು ಊರು ಬಿಡಬೇಕು.

ಒಂದು ವರ್ಷದ ಪಂಚಮಿಗೆ ಕೆರೆ ಅಂಚಿನವರೆಗೂ ತುಂಬಿತ್ತು. ಕರಣಿಕ ಓದಿ ಮುಗಿಸಿದ, ಜನ ಚದುರಿದರು. ಕೆರೆಯ ತೂಬು ಕಾಯುವ ನೀರುಗಂಟಿ ಮಾತ್ರ ನಿಂತಿದ್ದ.

"ಏರಿ ಹಿಂದ್ಗಡೆ ನೀರು ಜಿನುಗ್ತಾ ಅದೆ ಸ್ವಾಮಿ" ಎಂದ.

"ಅದೇನು ಹೊಸದೇ?"

"ತಿಳಿನೀರಾಗಿದ್ರೆ ನಾನೂ ಸುಮ್ಕಿರ್ತಿದ್ದೆ. ಕೆಂಪಗೆ ಬರ್ತಾ ಅದೆ. ಒಳಗೆ ಮಣ್ಣು ಕರಗ್ತಾ ಅದೆ."

ನಾಳೆ ನೋಡೋಣ ಎಂದು ಹೇಳುವ ಮನಸ್ಸಿನಿಂದಲೇ ಕರಣಿಕ ಹೋದ. ಹೋದಾಗ ಬೆರಳಷ್ಟು ದಪ್ಪವಿದ್ದ ನೀರು ಅವನು ನೋಡುತ್ತಿದ್ದಂತೆಯೇ ಮುಂಗೈಯಷ್ಟಾಯಿತು. ಕೆಳಗೆ ಮೊದಲ ಮನೆಯ ಅಂಗಳದಲ್ಲಿ ಬಾಣಂತಿಯೊಬ್ಬಳು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಊರನ್ನು ಕೂಗಿ ಕರೆದರೆ ಮೊದಲು ಗುದ್ದಲಿ ಕಿತ್ತುಕೊಳ್ಳುತ್ತಾರೆ, ಆಮೇಲೆ ಕಟ್ಟುಪಾಡಿನ ಮೇಲೆ ಮಾತಿಗೆ ಕೂರುತ್ತಾರೆ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಕಟ್ಟುಪಾಡನ್ನು ವರ್ಷ ವರ್ಷ ಓದಿ ಹೇಳಿದವನು ಅವನೇ ತಾನೆ.

"ಗುದ್ದಲಿ ತಗೊಂಡು ಬಾ" ಎಂದ.

ನೀರಿನ ಕಡೆ ಒಂದು ಸುಳಿ ಕಾಣುತ್ತಿತ್ತು. ನೀರುಗಂಟಿ ಅಲ್ಲಿನ ಕಲ್ಲು ಸರಿಸಿ ಅಗೆದ. ಕರಣಿಕ ಜೇಡಿಮಣ್ಣು ಹೊತ್ತ. ಹುಲ್ಲು ಸೇರಿಸಿ ತುಂಬಿದರು, ತುಳಿದರು, ಮತ್ತೆ ತುಂಬಿದರು. ಎರಡು ಸಲ ನೀರು ಮಣ್ಣನ್ನು ನುಂಗಿತು. ಮೂರನೆಯ ಸಲ ಸುಳಿ ನಿಂತಿತು. ಏರಿಯ ಹಿಂದೆ ಕೆಂಪು ನೀರು ತಿಳಿಯಾಗಿ, ಸಣ್ಣದಾಗಿ, ಕಡೆಗೆ ಇಲ್ಲವಾಯಿತು.

ಅಷ್ಟರಲ್ಲಿ ಊರು ಏರಿಯ ಮೇಲಿತ್ತು. ಹಸಿ ಮಣ್ಣು ಕಂಡಿತು, ಗುದ್ದಲಿಯೂ ಕಂಡಿತು.

"ತೂತು ಬಿದ್ದಿತ್ತು" ಎಂದ ನೀರುಗಂಟಿ.

"ಎಲ್ಲಿ?" ಎಂದ ಊರಗೌಡ. "ಒಂದು ಹನಿ ನೀರಿಲ್ಲ. ತೂತಿದ್ದರೆ ಮಣ್ಣು ತೆಗೆದು ತೋರಿಸು."

ಒಬ್ಬ ಆಗಲೇ ಮುಂದೆ ಬಂದಿದ್ದ. ಕಟ್ಟುಪಾಡಿಗೆ ಅಂಜುವ ಮನುಷ್ಯ, ಕೈಯಲ್ಲಿ ಮರದ ಗೂಟ ಹಿಡಿದಿದ್ದ. ಬಗ್ಗಿ ಹಸಿ ಮಣ್ಣಿಗೆ ಗೂಟ ಊರಿದ. ಆ ಮಣ್ಣಿನಾಚೆಯೇ ಕೆರೆ ತುಂಬಿ ನಿಂತಿತ್ತು, ಅದನ್ನು ಕಿತ್ತರೆ ನೀರು ಮತ್ತೆ ನುಗ್ಗುವುದು.

ನೀರುಗಂಟಿ ಕರಣಿಕನ ಮುಖ ನೋಡಿದ. ಊರಿಗೆ ಬೇರೆ ಕಡೆಯಿಂದ ಕರಣಿಕರು ಹತ್ತು ಮಂದಿ ಸಿಕ್ಕಾರು, ಈ ಏರಿಯ ಒಳಗನ್ನು ಬಲ್ಲವನು ಇವನೊಬ್ಬನೇ.

"ನಿಲ್ಲಿಸಯ್ಯಾ" ಎಂದ ಕರಣಿಕ. "ತೂತೂ ಇಲ್ಲ, ಏನೂ ಇಲ್ಲ. ಗುದ್ದಲಿ ಹಾಕಿದವನು ನಾನು. ಕಬ್ಬಿಣ ತಾಗಿದರೆ ಏನಾದೀತೋ ನೋಡಬೇಕೆನಿಸಿತು. ಇವನು ನನ್ನನ್ನು ಉಳಿಸಲು ಸುಳ್ಳು ಹೇಳಿದ."

ತೂತಿಲ್ಲವೆಂದ ಮೇಲೆ ಕೆದಕುವ ಕಾರಣವಿಲ್ಲ. ಗೂಟ ಮೇಲೆ ಬಂತು. ಯಾರೋ ಕರಣಿಕನ ಮುಖಕ್ಕೆ ಉಗುಳಿದರು.

ಬರೆಯಬಲ್ಲವನು ಅವನೊಬ್ಬನೇ ಆದ್ದರಿಂದ ಅದನ್ನೂ ಅವನಿಂದಲೇ ಬರೆಸಿದರು. ಪಂಚಮಿಯ ಮಡಿಕೆ ಬಿಚ್ಚಿ, ಮೂರು ಹೆಮ್ಮೆಯ ಸಾಲುಗಳ ಕೆಳಗೆ ಬಳಪದಿಂದ ಬರೆದ: ಈ ದಿನ ಊರ ಕರಣಿಕನೇ ಏರಿಗೆ ಗುದ್ದಲಿ ಹಾಕಿ ದ್ರೋಹ ಮಾಡಿದನು. ಅಕ್ಷರಗಳು ಗುಂಡಗಿದ್ದವು. ಬಳಪ ಅಲ್ಲೇ ಇಟ್ಟು ಹೊರಟುಹೋದ.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಿಟ್ಟು ಬಂದಿತ್ತು. "ಆ ಸಾಲನ್ನು ಇನ್ನೂ ಓದುತ್ತಾರೆಯೇ? ನಿಜ ಏನೆಂದು ಇಷ್ಟು ವರ್ಷದಲ್ಲಿ ಒಬ್ಬರಿಗೂ ತಿಳಿಯಲಿಲ್ಲವೇ?"

ಗುರು ಲೇಖನಿಯನ್ನು ಅವನ ಕೈಗೆ ಮರಳಿ ಕೊಟ್ಟರು.

"ಪ್ರತಿವರ್ಷ ಅದನ್ನು ಓದಿ ಉಗುಳುವುದಕ್ಕೆ ಅಲ್ಲಿ ಇನ್ನೂ ಊರು ಉಳಿದಿದೆಯಪ್ಪ."